ತಂಗಿಗೆ ಸ್ಯಾಟ್‌ನಲ್ಲಿ 1410: ಅಂಕ ಕಳಿಸಬೇಕೇ, ಬಿಡಬೇಕೇ?

ಪ್ರಶ್ನೆ (ಕಾರಟಗಿಯಿಂದ):
ನನ್ನ ತಂಗಿ ರಾಯಚೂರಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಹತ್ತನೆಯ ತರಗತಿಯವರೆಗೆ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1410 ಬಂದಿದೆ: ಗಣಿತ 770, ಇಂಗ್ಲಿಷ್ 640. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದು ಸಾಲದು, ಕಡ್ಡಾಯವಿಲ್ಲದ ಕಡೆ ಕಳಿಸಲೇಬೇಡಿ ಎಂದು ಸಲಹಾ ಕೇಂದ್ರದವರು ಹೇಳುತ್ತಾರೆ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ತಿಳಿದವರು ದಾರಿ ತೋರಿಸಿ.

ಉತ್ತರ (ಸಿಂಧನೂರಿನ ಭೌತಶಾಸ್ತ್ರ ಉಪನ್ಯಾಸಕಿ):
ಕಳಿಸಿ. ಈ ಅಂಕವನ್ನು ಬಚ್ಚಿಡಲು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜು ಈ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದ್ದು ಏಕೆ? ಹಿಂದುಳಿದ ಹಿನ್ನೆಲೆಯ ಮಕ್ಕಳು 1400ರ ಆಸುಪಾಸಿನ ಅಂಕವನ್ನು ಕಡಿಮೆಯೆಂದು ತಿಳಿದು ಕಳಿಸದೆ ಉಳಿದಿದ್ದರು. ಕಳಿಸಿದ್ದರೆ ಅವರಿಗೆ ಅನುಕೂಲವಾಗುತ್ತಿತ್ತು ಎಂದು ಅಲ್ಲಿನ ಪ್ರಾಧ್ಯಾಪಕರೇ ದಾಖಲೆ ನೋಡಿ ಕಂಡುಕೊಂಡರು. ಎಂಐಟಿ 2022ರಲ್ಲೇ ಕಡ್ಡಾಯ ಮಾಡಿತ್ತು, ಹಾರ್ವರ್ಡ್ 2024ರ ಏಪ್ರಿಲ್‌ನಲ್ಲಿ ಮಾಡಿತು.

ಅಲ್ಲಿ ಪ್ರವೇಶ ಕೊಡುವವರು ಅಂಕವನ್ನು ಅದು ಬಂದ ನೆಲದ ಜೊತೆ ಓದುತ್ತಾರೆ. ಆದರೆ ನಿಮ್ಮ ನೆಲ ಅವರಿಗೆ ಹೇಗೆ ಗೊತ್ತಾಗಬೇಕು? ಕಾಲೇಜಿನಿಂದ ಹೋಗುವ ಪತ್ರದಲ್ಲಿ ಎಲ್ಲವೂ ಇರಲಿ: ಕನ್ನಡ ಮಾಧ್ಯಮ, ಅಪ್ಪನ ಕೆಲಸ, ತರಗತಿಯಲ್ಲಿ ಎಷ್ಟು ಮಂದಿ, ಸ್ಯಾಟ್ ಬರೆದವರು ಬೇರೆ ಯಾರಾದರೂ ಇದ್ದಾರೆಯೇ. 770 ನಿಜಕ್ಕೂ ಒಳ್ಳೆಯ ಅಂಕ. 640ಕ್ಕಾಗಿ ಇನ್ನೊಮ್ಮೆ ಕೂರಿಸಿ. ಹಲವು ಕಡೆ ಬೇರೆ ಬೇರೆ ಸಲದ ಉತ್ತಮ ಗಣಿತವನ್ನೂ ಉತ್ತಮ ಇಂಗ್ಲಿಷನ್ನೂ ಕೂಡಿಸಿಯೇ ನೋಡುತ್ತಾರೆ. ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿಸಿ, ಅದರ ಸಾರವನ್ನು ಅವಳಿಂದಲೇ ಕೇಳಿ.

ಉತ್ತರ (ಬಳ್ಳಾರಿಯಿಂದ):
ಮೇಡಂ ಹೇಳಿದ್ದು ಸರಿ, ಜೊತೆಗೆ ಹಣದ ಮಾತು. ವಿದೇಶಿ ವಿದ್ಯಾರ್ಥಿಯ ಮನೆಯ ಆದಾಯ ನೋಡದೆ ಪ್ರವೇಶ ಕೊಟ್ಟು, ಬೇಕಾದ ನೆರವನ್ನೂ ಕೊಡುವ ಕಡೆಗಳು ಕೆಲವೇ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮೌತ್, ಆಮ್ಹರ್ಸ್ಟ್ ಮೊದಲಾದವು. ಉಳಿದ ಹೆಚ್ಚಿನ ಕಡೆ ನೆರವು ಕೇಳಿದರೆ ಸ್ಪರ್ಧೆ ಇನ್ನೂ ಬಿಗಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಸ್ಯಾಟ್ ನೋಡುವುದೇ ಇಲ್ಲ. ಏನೇ ಆಗಲಿ ಸಿಇಟಿ ಬರೆಸಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಿ.

ಪ್ರಶ್ನೆ ಕೇಳಿದವರು:
ಸೋಮವಾರ ಪ್ರಾಂಶುಪಾಲರನ್ನು ಕಾಣುತ್ತೇನೆ. ಪತ್ರ ಇಂಗ್ಲಿಷಿನಲ್ಲೇ ಇರಬೇಕೇ ಮೇಡಂ?

ಉಪನ್ಯಾಸಕಿ:
ಹೌದು. ಪ್ರಾಂಶುಪಾಲರು ಮೊದಲು ಕನ್ನಡದಲ್ಲಿ ಬರೆದು ಕೊಟ್ಟರೂ ಆಗುತ್ತದೆ, ಇಂಗ್ಲಿಷ್ ಕರಡನ್ನು ನಾನು ಸಿದ್ಧ ಮಾಡುತ್ತೇನೆ. ಸಹಿ, ಮೊಹರು ಕಾಲೇಜಿನದ್ದೇ ಇರಲಿ.