ರಾತ್ರಿ ಹತ್ತು ದಾಟಿದ ಮೇಲೆಯೇ ತಲೆ ಚುರುಕಾಗುವುದು ಏಕೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ವಿಜಯಪುರದ ಅಭ್ಯರ್ಥಿ

ನನಗೆ ಇಪ್ಪತ್ತೆರಡು ವರ್ಷ. ಪದವಿ ಮುಗಿಸಿ ಮನೆಯಲ್ಲಿಯೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹಗಲಿನಲ್ಲಿ ಪುಸ್ತಕ ಹಿಡಿದರೆ ಒಂದೇ ಪುಟದ ಮೇಲೆ ಕಣ್ಣು ಓಡಾಡುತ್ತಿರುತ್ತದೆ, ಏನೂ ಒಳಗೆ ಇಳಿಯುವುದಿಲ್ಲ. ರಾತ್ರಿ ಹತ್ತು ದಾಟಿದ ಮೇಲೆ ಅದೇ ಪುಟ ಸರಾಗವಾಗಿ ತಲೆಗೆ ಹತ್ತುತ್ತದೆ, ಒಂದೂವರೆ ಎರಡರವರೆಗೂ ಬೇಸರ ಬರುವುದಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಓದಿದರೆ ಮಾತ್ರ ವಿದ್ಯೆ ನಿಲ್ಲುತ್ತದೆ ಎಂದು ಅಪ್ಪ, ಅಜ್ಜಿ ಇಬ್ಬರೂ ಹೇಳುತ್ತಾರೆ. ಹಾಗೆ ಎದ್ದೂ ನೋಡಿದ್ದೇನೆ, ಓದಿದ್ದು ಉಳಿಯಲಿಲ್ಲ. ಪರೀಕ್ಷೆ ನಡೆಯುವುದು ಬೆಳಿಗ್ಗೆ ಹತ್ತಕ್ಕೆ. ಇದು ಸೋಮಾರಿತನವೋ, ದೇಹದ ಗುಣವೋ? ಬದಲಾಯಿಸಿಕೊಳ್ಳಬೇಕೋ, ಹೀಗೆಯೇ ಮುಂದುವರಿಯಬೇಕೋ?

ಬೆಳಗಾವಿಯಿಂದ, ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ತಂಗಿ, ಸೋಮಾರಿತನ ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಬೆಳಗಿನ ಮೊದಲ ಅವಧಿಯಲ್ಲಿ ಮಂಕಾಗಿ ಕುಳಿತಿದ್ದು, ಸಂಜೆಯ ಪ್ರಾಯೋಗಿಕ ತರಗತಿಯಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಎಲ್ಲರಿಗಿಂತ ಚೊಕ್ಕವಾಗಿ ತಯಾರಿಸಿ, ಕೋಶ ವಿಭಜನೆಯ ಹಂತಗಳನ್ನು ಒಂದೊಂದಾಗಿ ಗುರುತಿಸಿ ತೋರಿಸುತ್ತಿದ್ದ ವಿದ್ಯಾರ್ಥಿಗಳು ನನಗೆ ಪ್ರತಿ ವರ್ಷವೂ ಸಿಕ್ಕಿದ್ದಾರೆ. ಅವರಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ. ಅವರ ದೇಹದ ಗಡಿಯಾರ ಬೇರೆಯವರದಕ್ಕಿಂತ ತಡವಾಗಿ ನಡೆಯುತ್ತಿತ್ತು.

ಈ ಗಡಿಯಾರ ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ ಇದೆ. ಸುಮಾರು 20,000 ನರಕೋಶಗಳ ಚಿಕ್ಕ ಗುಂಪು ಅದು. ಬೆಳಕಿನ ಸುಳಿವೇ ಇಲ್ಲದೆ ಬಿಟ್ಟರೆ ಮನುಷ್ಯರಲ್ಲಿ ಅದರ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಸುಮಾರು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಪ್ರತಿದಿನ ಬೆಳಗಿನ ಬೆಳಕು ಅದನ್ನು ಮುಂಚಿತಕ್ಕೆ ಎಳೆದು ಸರಿಹೊಂದಿಸಬೇಕಾಗುತ್ತದೆ. ಸುತ್ತಿನ ಅವಧಿ ಎಲ್ಲರಲ್ಲಿಯೂ ಒಂದೇ ಆಗಿರುವುದಿಲ್ಲ, ಮತ್ತು ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಈ ಗಡಿಯಾರವನ್ನು ನಡೆಸುವ ಜೀನುಗಳ ಕುರಿತ ಸಂಶೋಧನೆಗಾಗಿಯೇ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅದೇ ವರ್ಷ, ತಲೆಮಾರುಗಳಿಂದ ತಡವಾಗಿ ಮಲಗುವ ಕುಟುಂಬಗಳಲ್ಲಿ ಸಿಆರ್‌ವೈ1 ಎಂಬ ಜೀನಿನ ಒಂದು ಬದಲಾವಣೆ ಪತ್ತೆಯಾಯಿತು. ವಯಸ್ಸಿನ ಪಾತ್ರವೂ ಇದೆ. ಹದಿಹರೆಯದಲ್ಲಿ ಗಡಿಯಾರ ತಡವಾಗುತ್ತಾ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ಅತ್ಯಂತ ತಡವಾಗಿರುತ್ತದೆ; ಆಮೇಲೆ ನಿಧಾನವಾಗಿ ಮುಂಚಿತಕ್ಕೆ ಸರಿಯುತ್ತದೆ. ನಿಮ್ಮ ಅಜ್ಜಿಗೆ ನಾಲ್ಕಕ್ಕೆ ತಾನಾಗಿಯೇ ಎಚ್ಚರವಾಗುವುದು ಎಷ್ಟು ಸಹಜವೋ, ನಿಮಗೆ ಆಗದಿರುವುದೂ ಅಷ್ಟೇ ಸಹಜ.

ರಾತ್ರಿ ಹತ್ತಕ್ಕೆ ದಣಿವಿನ ಬದಲು ಚುರುಕು ಬರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಗಡಿಯಾರವು ಅದಕ್ಕೆ ಎದುರಾಗಿ ಎಚ್ಚರದ ಸಂಕೇತವನ್ನು ಕೊಡುತ್ತದೆ. ಆ ಸಂಕೇತ ಅತ್ಯಂತ ಬಲವಾಗಿರುವುದು, ಸಾಮಾನ್ಯವಾಗಿ ನಿದ್ದೆ ಬರುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ಒಂಬತ್ತೂವರೆಗೆ ಮಲಗುವವರಿಗೆ ಆ ಹೊತ್ತು ಸಂಜೆ ಏಳರ ಸುತ್ತ ಬಂದು, ಅಡುಗೆ, ಊಟ, ಮಾತುಕತೆಯಲ್ಲಿ ಕಳೆದುಹೋಗುತ್ತದೆ. ಒಂದೂವರೆ ಎರಡಕ್ಕೆ ನಿದ್ದೆ ಹತ್ತುವ ನಿಮಗೆ ಅದು ಹನ್ನೊಂದರ ಸುತ್ತ, ಮನೆಯೆಲ್ಲ ಮಲಗಿರುವಾಗ ಬರುತ್ತದೆ.

ನಾಲ್ಕಕ್ಕೆ ಎದ್ದು ಓದಿದ್ದು ಏಕೆ ನಿಲ್ಲಲಿಲ್ಲ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ದೇಹದ ಒಳ ತಾಪಮಾನ ಅತ್ಯಂತ ಕೆಳಗಿಳಿಯುವುದು, ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ. ಗಮನ, ಲೆಕ್ಕ, ನೆನಪು ಎಲ್ಲವೂ ಆಗ ಕುಗ್ಗಿರುತ್ತವೆ. ಎಂಟಕ್ಕೆ ತಾನಾಗಿ ಏಳುವವರನ್ನು ನಾಲ್ಕಕ್ಕೆ ಎಬ್ಬಿಸಿದರೆ, ಅವರ ಮಿದುಳು ಆ ಕುಗ್ಗಿನ ಹೊತ್ತನ್ನು ಇನ್ನೂ ದಾಟಿಯೇ ಇರುವುದಿಲ್ಲ.

ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಭಾರತದ ಅಧಿಕೃತ ವೇಳೆ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಬೆಳಗಾವಿ ಇರುವುದು ಸುಮಾರು 74.5 ಡಿಗ್ರಿಯಲ್ಲಿ, ವಿಜಯಪುರ ಮತ್ತು ಬಾಗಲಕೋಟೆ 75.7ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ನಮ್ಮ ಊರಿನ ಸೂರ್ಯ ಗೋಡೆಯ ಗಡಿಯಾರಕ್ಕಿಂತ ಬೆಳಗಾವಿಯಲ್ಲಿ 32 ನಿಮಿಷ, ವಿಜಯಪುರದಲ್ಲಿ 27 ನಿಮಿಷ ಹಿಂದಿದ್ದಾನೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಗಡಿಯಾರ ಏಳರ ಆಸುಪಾಸು ತೋರಿಸುತ್ತದೆ. ಹಿರಿಯರು ಹೇಳುವ ಬ್ರಾಹ್ಮೀ ಮುಹೂರ್ತವನ್ನು ಸೂರ್ಯೋದಯದಿಂದ ಹಿಂದಕ್ಕೆ ಎಣಿಸುತ್ತಾರೆ. ಅದು ಆರಂಭವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮುಂಚೆ. ಆ ಲೆಕ್ಕದಲ್ಲಿ ಜನವರಿಯ ಬ್ರಾಹ್ಮೀ ಮುಹೂರ್ತ ಐದು ಗಂಟೆ ಇಪ್ಪತ್ತು ನಿಮಿಷ ದಾಟಿದ ಮೇಲೆಯೇ ಬರುತ್ತದೆ. ಅಪ್ಪನವರಿಗೆ ಇದನ್ನು ಗೌರವದಿಂದಲೇ ಹೇಳಬಹುದು.

ಮನೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಮಲಗಿ ಏಳುವುದು ಮನುಷ್ಯ ಸ್ವಭಾವವೇ ಅಲ್ಲವೆನ್ನಬಹುದು. ಟಾಂಜಾನಿಯಾದ ಹಡ್ಜಾ ಬೇಟೆಗಾರರ ನಿದ್ದೆಯನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 33 ಮಂದಿಯೂ ಏಕಕಾಲಕ್ಕೆ ನಿದ್ರಿಸಿದ್ದ ಅವಧಿ 20 ದಿನಗಳಲ್ಲಿ ಕೂಡಿ ಬರೀ 18 ನಿಮಿಷ. ಗುಂಪಿನಲ್ಲಿ ಸದಾ ಯಾರೋ ಎಚ್ಚರವಿದ್ದದ್ದು ಎಲ್ಲರಿಗೂ ಕಾವಲಾಗಿತ್ತು ಎಂಬುದು ಸಂಶೋಧಕರ ಊಹೆ. ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಹಾಯಿಸಲು ಯಾರನ್ನು ಕಳುಹಿಸಬೇಕೆಂದು ನಮ್ಮ ರೈತ ಕುಟುಂಬಗಳಿಗೂ ಚೆನ್ನಾಗಿ ಗೊತ್ತಿರುತ್ತದೆ.

ಜಮಖಂಡಿಯಿಂದ, ಹೊಲಿಗೆ ಕೆಲಸ ಮಾಡುವ ಗೃಹಿಣಿ

ಸರ್ ಅವರು ಬರೆದದ್ದನ್ನು ಓದಿ ತುಂಬಾ ತಿಳಿದುಕೊಂಡೆ. ಆದರೆ ರಾತ್ರಿ ಚುರುಕಾಗುವ ಎಲ್ಲರ ಕಾರಣವೂ ಗಡಿಯಾರವೇ ಎಂದು ನಾನು ಒಪ್ಪುವುದಿಲ್ಲ. ನಮ್ಮದು ಕೂಡು ಕುಟುಂಬ. ಹಗಲಿನಲ್ಲಿ ಕುಪ್ಪಸಕ್ಕೆ ಬಟ್ಟೆ ಕತ್ತರಿಸಲು ಕುಳಿತರೆ ಮಧ್ಯೆ ಬಾಗಿಲು ಬಡಿಯುವವರು, ರೊಟ್ಟಿಯ ಹೊತ್ತು, ಶಾಲೆಯಿಂದ ಬರುವ ಮಕ್ಕಳು. ಕುಪ್ಪಸದ ಕಂಕುಳ ಸುತ್ತನ್ನು ಕತ್ತರಿಸುವಾಗ ಒಮ್ಮೆ ಗಮನ ತಪ್ಪಿದರೆ ಕಾಲು ಇಂಚು ಆಚೀಚೆಯಾಗಿ ಇಡೀ ತೋಳು ಕೂಡುವುದಿಲ್ಲ. ಆದ್ದರಿಂದ ಕತ್ತರಿಸುವ ಕೆಲಸವನ್ನೆಲ್ಲ ರಾತ್ರಿ ಹತ್ತರ ನಂತರಕ್ಕೆ ಇಟ್ಟುಕೊಂಡೆ, ಆಗ ಕೈ ತಾನಾಗಿ ಓಡುತ್ತಿತ್ತು. ನನಗೂ ರಾತ್ರಿಯೇ ಬುದ್ಧಿ ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು.

ಬಾಣಂತನಕ್ಕೆ ಹೋದ ತಂಗಿಗೆ ಜೊತೆಯಾಗಿ ತವರಿನಲ್ಲಿ ಉಳಿದಾಗ, ಅಲ್ಲಿಯ ಮಾಳಿಗೆಯ ಕೋಣೆ ಬೆಳಿಗ್ಗೆ ಎಂಟರಿಂದಲೇ ನನಗೆ ಸಿಕ್ಕಿತು. ಯಾರೂ ಕರೆಯುತ್ತಿರಲಿಲ್ಲ. ಅಲ್ಲಿ ಹಗಲಿನಲ್ಲಿಯೂ ಕತ್ತರಿ ಅಷ್ಟೇ ನೇರವಾಗಿ ನಡೆಯಿತು, ರಾತ್ರಿ ಹತ್ತಕ್ಕೆ ನಿದ್ದೆಯೂ ಬಂತು. ನನಗೆ ಬೇಕಾಗಿದ್ದದ್ದು ಯಾರೂ ತಡೆಯದ ಹೊತ್ತು. ಬೇಸಿಗೆಯಲ್ಲಿ ನಮ್ಮ ಕಡೆ ನಲವತ್ತು ಡಿಗ್ರಿಯ ಬಿಸಿಲು ಇಳಿದ ಮೇಲೆ ಮೈ ತಂಪಾಗುವುದೂ ಸೇರಿಕೊಳ್ಳುತ್ತದೆ. ನೀವೂ ಒಂದು ವಾರ ಗ್ರಂಥಾಲಯದಲ್ಲಿಯೋ, ಗೆಳತಿಯ ಮನೆಯ ತಂಪು ಕೋಣೆಯಲ್ಲಿಯೋ ಹಗಲು ಓದಿ ನೋಡಿ. ಅಲ್ಲಿ ಓದು ಹತ್ತಿದರೆ ಬದಲಾಗಬೇಕಾದದ್ದು ನಿಮ್ಮ ದೇಹವಲ್ಲ, ಓದುವ ಜಾಗ. ಮನೆಯವರ ಹತ್ತಿರ ಎರಡು ಗಂಟೆಯ ಮೌನವನ್ನು ಕೇಳಿ ಪಡೆಯಿರಿ. ಹೆಣ್ಣುಮಕ್ಕಳು ಕೇಳದೆ ಅದು ಸಿಗುವುದಿಲ್ಲ.

ಬಾಗಲಕೋಟೆ ನವನಗರದಿಂದ, ಶುಶ್ರೂಷಕಿ

ರಾತ್ರಿ ಪಾಳಿಯಲ್ಲಿ ವರ್ಷಗಟ್ಟಲೆ ದುಡಿದವಳಾಗಿ ಒಂದೇ ಮಾತು ಸೇರಿಸುತ್ತೇನೆ. ಚುರುಕಾಗಿದ್ದೇನೆ ಎಂಬ ಭಾವನೆ ಬೇರೆ, ಚುರುಕಾಗಿರುವುದು ಬೇರೆ. ಹನ್ನೊಂದು ಹನ್ನೆರಡರವರೆಗೆ ನಮ್ಮಲ್ಲಿ ಕೆಲವರು ಹಗಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ, ಅದು ನಿಜ. ಮೂರು ಗಂಟೆಯಿಂದ ಐದರವರೆಗಿನ ಹೊತ್ತು ಮಾತ್ರ ಯಾರನ್ನೂ ಬಿಡುವುದಿಲ್ಲ. ಆ ಹೊತ್ತಿನಲ್ಲಿ ನಾವು ಸೂಜಿಮದ್ದಿನ ಪ್ರಮಾಣವನ್ನು ಒಬ್ಬರೇ ಓದಿ ತುಂಬುವುದಿಲ್ಲ. ಒಬ್ಬರು ಚೀಟಿ ಓದುತ್ತಾರೆ, ಇನ್ನೊಬ್ಬರು ಸಿರಿಂಜಿನ ಗೆರೆಯನ್ನು ದೀಪಕ್ಕೆ ಹಿಡಿದು ಗಟ್ಟಿಯಾಗಿ ಹೇಳುತ್ತಾರೆ, ಎರಡೂ ಕೂಡಿದ ಮೇಲೆಯೇ ಕೊಡುತ್ತೇವೆ.

2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವನ್ನು ತರಬೇತಿಯಲ್ಲಿ ನಮಗೆ ತಿಳಿಸಿದ್ದರು. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನ, ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ಆದರೆ ಅವರಿಗೆ ತಮಗೆ ಸ್ವಲ್ಪವೇ ನಿದ್ದೆ ಬಂದಂತೆ ಅನಿಸುತ್ತಿತ್ತು. ನೀವು ರಾತ್ರಿ ಎರಡಕ್ಕೆ ಮಲಗಿ, ಮನೆಯವರ ಸಲುವಾಗಿ ಆರಕ್ಕೆ ಏಳುತ್ತಿದ್ದರೆ ಹಗಲಿನ ಮಂಕಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಓದಿದ್ದು ನೆನಪಾಗಿ ಗಟ್ಟಿಯಾಗುವುದೂ ನಿದ್ದೆಯಲ್ಲಿಯೇ. ರಾತ್ರಿ ಓದಿದ್ದನ್ನು ಮರುದಿನ ಸಂಜೆ ಪುಸ್ತಕ ಮುಚ್ಚಿ ಬರೆದು ನೋಡಿ. ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ.

ಕೇಳಿದವರಿಂದ

ಎಲ್ಲರಿಗೂ ನಮಸ್ಕಾರ. ನಾನು ಬರೆಯದೆ ಬಿಟ್ಟ ಒಂದು ವಿಷಯವಿದೆ. ಹಬ್ಬಕ್ಕೆ ಸೋದರಮಾವನ ಮನೆಗೆ ಹೋದಾಗ ಪುಸ್ತಕವಿರಲಿಲ್ಲ, ಫೋನಿಗೆ ಸಿಗ್ನಲ್ ಇರಲಿಲ್ಲ, ಎಬ್ಬಿಸುವವರೂ ಇರಲಿಲ್ಲ. ಆಗಲೂ ಹನ್ನೆರಡೂವರೆಗೆ ಮುಂಚೆ ನಿದ್ದೆ ಬರುತ್ತಿರಲಿಲ್ಲ, ಎಂಟೂವರೆಗೆ ಎಚ್ಚರವಾಗುತ್ತಿತ್ತು, ಎದ್ದಾಗ ಹಗುರವಾಗಿರುತ್ತಿದ್ದೆ. ಮನೆಯಲ್ಲಿ ರಾತ್ರಿ ಓದುವಾಗ ಹತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ಚಹಾ ಕುಡಿಯುತ್ತೇನೆ. ಪರೀಕ್ಷೆಗೆ ಇನ್ನೂ ಕೆಲವು ತಿಂಗಳುಗಳಿವೆ.

ಬಾದಾಮಿಯಿಂದ, ತಾಲ್ಲೂಕು ಕಚೇರಿಯ ನೌಕರ

ಸೋದರಮಾವನ ಮನೆಯ ವಿವರವೇ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. ಯಾವ ಒತ್ತಾಯವೂ ಇಲ್ಲದ ದಿನಗಳ ನಿದ್ದೆಯೇ ದೇಹದ ನಿಜವಾದ ವೇಳೆ. ನಿಮ್ಮದು ತಡದ ಗಡಿಯಾರವೇ ಎನಿಸುತ್ತದೆ, ನನ್ನದೂ ಹಾಗೆಯೇ. ಪರೀಕ್ಷೆಗೆ ಓದುವಾಗ ನಾನು ಎರಡು ಹಂತ ಮಾಡಿಕೊಂಡೆ. ಮೊದಲ ತಿಂಗಳುಗಳಲ್ಲಿ ಕಷ್ಟದ ವಿಷಯಗಳನ್ನು, ಅಂದರೆ ಅರ್ಥಶಾಸ್ತ್ರ ಮತ್ತು ಮಾನಸಿಕ ಸಾಮರ್ಥ್ಯದ ಲೆಕ್ಕಗಳನ್ನು, ರಾತ್ರಿ ಒಂಬತ್ತೂವರೆಯಿಂದ ಹನ್ನೆರಡೂವರೆಗೆ ಇಟ್ಟೆ. ಹಗಲಿಗೆ ಪತ್ರಿಕೆ ಓದುವುದು, ಟಿಪ್ಪಣಿ ತಿದ್ದುವುದು ಮಾತ್ರ. ಬೆಳಿಗ್ಗೆ ಎಂಟಕ್ಕೆ ಮುಂಚೆ ಎಬ್ಬಿಸಬಾರದೆಂದು ಅವ್ವನನ್ನು ಒಪ್ಪಿಸಿದ್ದೆ.

ಪರೀಕ್ಷೆಗೆ ಒಂದೂವರೆ ತಿಂಗಳಿರುವಾಗ ಎರಡನೆಯ ಹಂತ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಹಿಡಿಯಬೇಕು, ಏಕೆಂದರೆ ನಿದ್ದೆಯನ್ನು ಹಟದಿಂದ ಬರಿಸಲಾಗುವುದಿಲ್ಲ, ಎದ್ದು ಕೂರುವುದು ಮಾತ್ರ ನಮ್ಮ ಕೈಯಲ್ಲಿದೆ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂಚಿತವಾಗಿ ಏಳುತ್ತಾ ಬಂದೆ. ಎದ್ದ ಕೂಡಲೇ ಮಾಳಿಗೆಯ ಮೇಲೆ ಬಯಲು ಬೆಳಕಿನಲ್ಲಿ ಅರ್ಧ ಗಂಟೆ ಓಡಾಡುತ್ತಾ ಹಿಂದಿನ ದಿನದ ಟಿಪ್ಪಣಿಯನ್ನು ಬಾಯಿಯಲ್ಲಿ ಹೇಳಿಕೊಳ್ಳುವುದು. ಇದು ಬಹಳ ಮುಖ್ಯ: ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಕೋಣೆಯೊಳಗಿನ ದೀಪ ನೂರು, ಇನ್ನೂರು ಲಕ್ಸ್ ಇದ್ದರೆ, ಹೊರಗಿನ ಹಗಲು ಹಲವು ಸಾವಿರ ಲಕ್ಸ್ ಇರುತ್ತದೆ, ಮತ್ತು ಬೆಳಗಿನ ಆ ಬೆಳಕೇ ಗಡಿಯಾರವನ್ನು ಮುಂಚಿತಕ್ಕೆ ತರುತ್ತದೆ. ಅಮೆರಿಕದ ಕೊಲರಾಡೊದಲ್ಲಿ 2013ರ ಒಂದು ಪ್ರಯೋಗದಲ್ಲಿ ಎಂಟು ಮಂದಿಯನ್ನು ವಾರವಿಡೀ ವಿದ್ಯುದ್ದೀಪವಿಲ್ಲದೆ ಬಯಲಿನಲ್ಲಿ ಇರಿಸಿದಾಗ, ಅವರ ದೇಹದ ರಾತ್ರಿ ಸುಮಾರು ಎರಡು ಗಂಟೆ ಮುಂಚಿತವಾಗಿ ಆರಂಭವಾಯಿತು. ಹೆಚ್ಚು ಬದಲಾದವರು ತಡವಾಗಿ ಮಲಗುತ್ತಿದ್ದವರೇ. ರಾತ್ರಿಯ ದೊಡ್ಡ ಟ್ಯೂಬ್‌ಲೈಟಿನ ಬದಲು ಪುಸ್ತಕದ ಮೇಲಷ್ಟೇ ಬೀಳುವ ಹಳದಿ ದೀಪ ಇಟ್ಟುಕೊಂಡೆ. ಭಾನುವಾರವೂ ಅದೇ ಹೊತ್ತಿಗೆ ಎದ್ದೆ, ಒಂದು ದಿನ ಸಡಿಲ ಬಿಟ್ಟರೆ ವಾರದ ಗಳಿಕೆ ಹೋಗುತ್ತದೆ.

ಹನ್ನೆರಡರ ಚಹಾವನ್ನು ಇಂದೇ ನಿಲ್ಲಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಸಂಜೆಯ ಕೆಫೀನು ಗಡಿಯಾರವನ್ನೇ ಇನ್ನಷ್ಟು ತಡ ಮಾಡುತ್ತದೆ. ಕೊನೆಯ ಮೂರು ವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಳೆಯ ಪ್ರಶ್ನೆಪತ್ರಿಕೆಯನ್ನು ವೇಳೆ ಹಿಡಿದು ಬಿಡಿಸಿ. ನಾನು ಐದಕ್ಕೆ ಏಳುವವನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆರೂವರೆಗೆ ಎದ್ದರೆ ಹತ್ತಕ್ಕೆ ಮಿದುಳು ಸಿದ್ಧವಾಗಿರುತ್ತದೆ, ಪರೀಕ್ಷೆಗೆ ಅಷ್ಟು ಸಾಕು.

ಮುದ್ದೇಬಿಹಾಳದಿಂದ, ವೈದ್ಯೆ

ಮೇಲಿನವರ ಸಲಹೆಗಳು ಸರಿಯಾಗಿವೆ. ಇದೇ ತೊಂದರೆ ಇದೆ ಎಂದು ಓದುತ್ತಿರುವ ಬೇರೆಯವರಿಗಾಗಿ ಎರಡು ಮಾತು. ಏಳೆಂಟು ಗಂಟೆ ಮಲಗಿದರೂ ಹಗಲಿಡೀ ತೂಕಡಿಕೆ, ಜೋರು ಗೊರಕೆ ಇದ್ದರೆ ಅದು ಗಡಿಯಾರದ ವಿಷಯವಲ್ಲ, ಪರೀಕ್ಷೆ ಮಾಡಿಸಬೇಕು. ಇದ್ದಕ್ಕಿದ್ದಂತೆ ಎರಡು ಮೂರು ಗಂಟೆಯ ನಿದ್ದೆಯೇ ಸಾಕೆನಿಸಿ, ಮಾತು, ಉತ್ಸಾಹ, ಖರ್ಚು ಅತಿಯಾದರೆ, ಅಥವಾ ರಾತ್ರಿ ಎಚ್ಚರವಿರುವುದು ಚಿಂತೆ ಮತ್ತು ದುಃಖದಿಂದಾದರೆ, ತಡ ಮಾಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಮಾತ್ರೆಯನ್ನು ಔಷಧದಂಗಡಿಯಿಂದ ನೀವಾಗಿಯೇ ತಂದು ನುಂಗಬೇಡಿ. ಅದರ ಪರಿಣಾಮ ನಿಂತಿರುವುದು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ, ತಪ್ಪು ಹೊತ್ತಿಗೆ ನುಂಗಿದರೆ ಗಡಿಯಾರ ಇನ್ನೂ ತಡವಾಗಬಹುದು.