179.8 ಜಿ ಬಿದ್ರೂ ಬದುಕಿದ ಡೇವಿಡ್ ಪರ್ಲಿ, ನಿಜನಾ ಬುರುಡೆನಾ?

ಬಳ್ಳಾರಿ_ಬುಲೆಟ್:
ಎಫ್ ಒನ್ ಕಾರ್ ರೇಸ್ ಹುಚ್ಚರು ಯಾರಾದ್ರೂ ಅದೀರಾ ಇಲ್ಲಿ? ರಾತ್ರಿ ಕರೆಂಟ್ ಹೋಗಿ ಮಾಳಿಗಿ ಮ್ಯಾಲೆ ಮಕ್ಕೊಂಡು ಮೊಬೈಲ್ ನೋಡ್ತಿದ್ದೆ, ಡೇವಿಡ್ ಪರ್ಲಿ ಅಂತ ಒಬ್ಬ ಬ್ರಿಟಿಷ್ ಡ್ರೈವರ್ ರೀಲ್ ಬಂತು, 1977ರಾಗ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನಾಗ ಗುದ್ದಿದಾಗ 179.8 ಜಿ, ಅಂದ್ರೆ ಭೂಮಿ ಎಳೆಯೋದರ 179.8 ಪಟ್ಟು, ಬಿತ್ತಂತೆ ಆದ್ರೂ ಬದುಕಿದ್ನಂತೆ. ರೂಮ್‌ಮೇಟ್ ಇದೆಲ್ಲ ವ್ಯೂಸ್‌ಗೆ ಬಿಡೋ ಬುರುಡೆ ಅಂತಾನೆ. ಅಂಥ ಡ್ರೈವರ್ ಆಗಿದ್ರೆ ಹೆಸರೇ ಯಾಕೆ ಕೇಳಿಲ್ಲ ನಾವು?

ರಾಯಚೂರು_ಮೆಕ್ಯಾನಿಕಲ್:
ನಿಜ ಐತ್ರೀ. ಥ್ರಾಟಲ್ (ಆಕ್ಸಲರೇಟರ್) ಸಿಕ್ಕಾಕೊಂಡು 173 ಕಿಮೀ ಸ್ಪೀಡಿನಾಗ ಹೋಗಿ ಗುದ್ದಿದ ಗಾಡಿ 66 ಸೆಂಟಿಮೀಟರ್‌ನಾಗ ನಿಂತೈತಿ. ಅಂದ್ರ ಸೆಕೆಂಡಿಗೆ 48 ಮೀಟರ್, ಅದರ ವರ್ಗ ಮಾಡಿ 1.32ರಿಂದ (0.66 ಮೀಟರ್‌ನ ಎರಡು ಪಟ್ಟು) ಭಾಗಿಸ್ರಿ, ಬಂದದ್ದನ್ನ 9.8ರಿಂದ (ಒಂದು ಜಿ) ಭಾಗಿಸ್ರಿ, 178ರ ಆಸುಪಾಸು ಬರ್ತೈತಿ. ಪಿಯುಸಿ ಫಿಸಿಕ್ಸು, ರೂಮ್‌ಮೇಟ್‌ಗೆ ಮಾಡಾಕ ಹೇಳ್ರಿ. ಗಾಡಿಯಾಗ ಮೀಟರ್ ಇಟ್ಟು ಅಳದಿದ್ದಲ್ಲ, ಲೆಕ್ಕ ಹಾಕಿದ್ದು ಅಷ್ಟೇ.
ಹೆಸರು ಯಾಕ ಕೇಳಿಲ್ಲ ಅಂದ್ರ ಎಫ್ ಒನ್‌ನಾಗ ಓಡಿಸಿದ್ದೇ 7 ರೇಸು, ಪಾಯಿಂಟ್ ಸೊನ್ನೆ, ಭಾರೀ ಅಂದ್ರ 1973ರಾಗ ಇಟಲಿಯ ಮೊಂಜಾದಾಗ 9ನೇದು. ಅವರಪ್ಪಂದು ಲೆಕ್ ಅಂತ ಫ್ರಿಜ್ ಕಂಪನಿ, ಅದರ ರೊಕ್ಕದಾಗೇ ರೇಸ್ ಮಾಡಿದಾಂವ. ಸಾಹುಕಾರ ಮಗನ ಶೋಕಿ ಅನ್ನಬ್ಯಾಡ್ರಿ ಮತ್ತ, ಅದಕ್ಕೂ ಮೊದಲು ಬ್ರಿಟಿಷ್ ಸೈನ್ಯದ ಪ್ಯಾರಾಚೂಟ್ ರೆಜಿಮೆಂಟ್‌ನಾಗ ಇದ್ದು ಯೆಮೆನ್‌ನ ಏಡನ್‌ನಾಗ ಡ್ಯೂಟಿ ಮಾಡ್ಯಾನ.

ತೋರಣಗಲ್ಲು_ಸೇಫ್ಟಿ:
ಎಲ್ರೂ ಈ ಜಿ ನಂಬರ್ ಹಿಡ್ಕೊಂಡು ಕುಂತೀರಿ, ಅವನ ದೊಡ್ಡ ಕೆಲಸ ಅದಲ್ಲ. 1973 ಜುಲೈ 29, ಹಾಲೆಂಡಿನ ಜಾಂಡ್‌ವೋರ್ಟ್ ಟ್ರ್ಯಾಕ್. ರೋಜರ್ ವಿಲಿಯಮ್ಸನ್ ಅನ್ನೋ ಹುಡುಗ, ಅವನಿಗದು 2ನೇ ಗ್ರಾಂಡ್ ಪ್ರಿ (ಎಫ್ ಒನ್ ರೇಸ್), ಗಾಡಿ ತಲಿಕೆಳಗಾಗಿ ಬೆಂಕಿ ಹತ್ತಿತು. ಪರ್ಲಿ ಹಿಂದೆ ಬರ್ತಿದ್ದ, ಇಬ್ಬರದ್ದೂ ಒಂದೇ ಮಾಡೆಲ್ ಮಾರ್ಚ್ 731. ತನ್ನ ಗಾಡಿ ನಿಲ್ಸಿ ಟ್ರ್ಯಾಕ್ ದಾಟಿ ಓಡಿದ, ಒಬ್ನೇ ಗಾಡಿ ಎತ್ತಿ ತಿರುವಾಕೋಕೆ ನೋಡಿದ, ಆಗ್ಲಿಲ್ಲ. ಮಾರ್ಷಲ್‌ಗಳು, ಅಂದ್ರೆ ಟ್ರ್ಯಾಕ್ ಕಾಯೋ ಸಿಬ್ಬಂದಿ, ಬಾಜೂನೇ ಇದ್ರು ಆದ್ರೆ ಮೈಮೇಲೆ ಬೆಂಕಿ ತಡಿಯೋ ಡ್ರೆಸ್ಸೇ ಇಲ್ಲ, ಹೆಂಗೆ ಹತ್ರ ಹೋಗ್ತಾರೆ? ಅವರ ಕೈಯಾಗಿಂದ ಬೆಂಕಿ ಆರಿಸೋ ಸಿಲಿಂಡರ್ ಕಸ್ಕೊಂಡು ಪರ್ಲಿ ಹೊಡ್ದ, ಅದೂ ಖಾಲಿ ಆಯ್ತು. ಪೆಟ್ರೋಲ್ ಬೆಂಕಿಗೆ ಒಂದು ಸಿಲಿಂಡರ್ ಯಾವ ಮೂಲೆಗೆ ಹೇಳ್ರಿ, ನಮ್ಮ ಪ್ಲಾಂಟಿನ ಡ್ರಿಲ್‌ನಾಗ ಟ್ರೇಯಾಗ ಸ್ವಲ್ಪ ಡೀಸೆಲ್ ಹಚ್ಚಿದ್ರೇ ಹೊಸಬರು ಅರ್ಧ ಸಿಲಿಂಡರ್ ಗಾಳಿಗೆ ಬಿಟ್ಟು ಮುಗಿಸ್ತಾರೆ. ರೇಸ್ ಮಾತ್ರ ನಿಲ್ಸಲೇ ಇಲ್ಲ. ಹಾದುಹೋಗೋ ಡ್ರೈವರ್‌ಗಳು ಪರ್ಲೀನ ನೋಡಿ, ಸುಡ್ತಿರೋ ಗಾಡಿಯವನು ಇವನೇ, ಹೊರಗೆ ಬಂದಾನೆ ಅಂದ್ಕೊಂಡ್ರು. ವಿಲಿಯಮ್ಸನ್ ಅಲ್ಲೇ ತೀರ್ಕೊಂಡ. ಪರ್ಲಿಗೆ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಮೆಡಲ್ ಕೊಟ್ರು.

ಕೊಪ್ಪಳ_ಟ್ರ್ಯಾಕ್‌ಸೈಡ್:
ನನ್ನ ಕೇಳಿದ್ರ ಡ್ರೈವಿಂಗೂ ಕಮ್ಮಿ ಇರಲಿಲ್ಲ. 1977 ಬೆಲ್ಜಿಯಂ ಮಳಿಯಾಗ ಎಲ್ರೂ ಟೈರ್ ಬದಲಿಸಾಕ ಪಿಟ್‌ಗೆ (ಗಾಡಿ ರಿಪೇರಿ ಜಾಗಕ್ಕ) ಹೋದಾಗ ಇವ ಮುಂದ ಮುಂದ ಬಂದ, ಹಿಂದಿದ್ದ ಚಾಂಪಿಯನ್ ಡ್ರೈವರ್ ನಿಕಿ ಲೌಡಾಗ ದಾರಿ ಬಿಡಲಿಲ್ಲ ಅಂತ ರೇಸ್ ಮುಗಿದಮ್ಯಾಲೆ ಇಬ್ರಿಗೂ ಜಗಳ. ಲೌಡಾ ಮೊಲ ಅಂತ ಬೈದ, ಈ ಪುಣ್ಯಾತ್ಮ ಗಾಡಿ ಮ್ಯಾಲೆ ಮೊಲದ ಚಿತ್ರನೇ ಹಾಕ್ಸಿದ 😂

ಬಳ್ಳಾರಿ_ಬುಲೆಟ್:
ರೂಮ್‌ಮೇಟ್ ಲೆಕ್ಕ ಮಾಡಿ ಗಪ್‌ಚಿಪ್ ಆಗ್ಯಾನೆ. ಸಿಲ್ವರ್‌ಸ್ಟೋನ್ ಆದ್ಮೇಲೆ ಮತ್ತೆ ಓಡಿಸಿದ್ನಾ?

ಕೊಪ್ಪಳ_ಟ್ರ್ಯಾಕ್‌ಸೈಡ್:
ಗ್ರಾಂಡ್ ಪ್ರಿ ಇಲ್ಲ, ಕಾಲೆಲ್ಲ ಮುರದಿದ್ವು. ಆಮ್ಯಾಲೆ ವಿಮಾನದ ಕಸರತ್ತಿಗೆ ಬಿದ್ದ. 1985 ಜುಲೈನಾಗ ಇಂಗ್ಲೆಂಡಿನ ತನ್ನೂರು ಬಾಗ್ನರ್ ರೀಜಿಸ್ ಹತ್ರ ಸಮುದ್ರಕ್ಕ ವಿಮಾನ ಬಿದ್ದು ಹೋದ, 40 ವರ್ಷಕ್ಕ.