ಯೋಜನೆ ಇನ್ನೂ ಕಾಗದದಲ್ಲೇ ಇದೆ. ತೋಟ ಹಾಕಬೇಕೇ, ಬೇಡವೇ?

ಕೇಳಿದವರು:
ನಮ್ಮ ಊರಿನ ಬೆಟ್ಟಕ್ಕೆ ರೋಪ್‌ವೇ, ಬುಡದಲ್ಲಿ ವಾಹನ ನಿಲ್ದಾಣ ಮತ್ತು ಯಾತ್ರಿ ನಿವಾಸ ಬರುತ್ತವೆ ಎಂಬ ಸುದ್ದಿ ಹಬ್ಬಿ ಒಂದೂವರೆ ವರ್ಷವಾಯಿತು. ಇದುವರೆಗೆ ಒಂದು ಕಲ್ಲನ್ನೂ ನೆಟ್ಟಿಲ್ಲ, ಯಾರಿಗೂ ನೋಟಿಸ್ ಬಂದಿಲ್ಲ. ಆದರೂ ನಮ್ಮ 3 ಎಕರೆ 10 ಗುಂಟೆಯಲ್ಲಿ ಮಾವಿನ ಸಸಿ ನೆಡುವ ಧೈರ್ಯ ಸಾಲುತ್ತಿಲ್ಲ. ದಲ್ಲಾಳಿಯೊಬ್ಬರು ಮುಂಗಡ ಹಿಡಿದು ಮನೆಗೆ ಬರುತ್ತಿದ್ದಾರೆ, ತಮ್ಮ ಮಾರಿಬಿಡೋಣ ಎನ್ನುತ್ತಿದ್ದಾನೆ, ಖಾತೆ ತೀರಿಕೊಂಡ ತಂದೆಯವರ ಹೆಸರಿನಲ್ಲೇ ಉಳಿದಿದೆ. ಇಂತಹ ಸ್ಥಿತಿ ಕಂಡವರು ದಯವಿಟ್ಟು ತಿಳಿಸಿ.

ನಂದಿ ಬೆಟ್ಟದ ಕಡೆಯ ಕೃಷಿಕರೊಬ್ಬರು:
ನಂದಿಗೆ ರೋಪ್‌ವೇ ಬರುತ್ತದೆ ಎಂಬ ಮಾತನ್ನು ನಾವು ಬಹಳ ವರ್ಷ ಕೇಳಿದೆವು. ಶಂಕುಸ್ಥಾಪನೆ ಆದದ್ದು 2023ರ ಮಾರ್ಚ್‌ನಲ್ಲಿ. ಅಷ್ಟು ಕಾಲವೂ ಬೆಟ್ಟ ಇದ್ದ ಹಾಗೆಯೇ ಇತ್ತು, ಅದನ್ನು ನೋಡಿಕೊಂಡು ಬದಲಾದವು ಹೊಲಗಳು. ನನ್ನ ಪಕ್ಕದವರ ದ್ರಾಕ್ಷಿ ತೋಟದಲ್ಲಿ ಗಾಳಿಗೆ ನಾಲ್ಕು ಕಲ್ಲುಕಂಬ ವಾಲಿದವು. ಹೇಗೂ ಮಾರುವ ಭೂಮಿ, ಇದಕ್ಕೇಕೆ ಖರ್ಚು ಎಂದು ಅವರು ಕಂಬ ಎತ್ತಿಸಲಿಲ್ಲ. ಮರುವರ್ಷ ತಂತಿ ಜೋತುಬಿದ್ದು, ಗೊನೆಗಳು ಮಣ್ಣಿಗೆ ತಾಗಿ ಕೊಳೆತವು. ಆ ತೋಟವನ್ನು ಕೊಳ್ಳಲು ಕೊನೆಗೂ ಯಾರೂ ಬರಲಿಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ನೇರವಾಗಿ ಹೊಲ ಕೊಳ್ಳುವಂತಾಗಿರುವುದರಿಂದ, ಸುದ್ದಿ ಹುಟ್ಟಿದ ಊರಿಗೆ ಗಿರಾಕಿಗಳು ಬರುವುದು ಈಗ ಮೊದಲಿಗಿಂತ ಸಲೀಸು. ಆದರೆ ಬರುವವರೆಲ್ಲ ಕೊಳ್ಳುವವರಲ್ಲ. ನಮ್ಮ ಚಿಕ್ಕಪ್ಪ 50,000 ರೂಪಾಯಿ ಮುಂಗಡ ಪಡೆದು ಕ್ರಯದ ಕರಾರಿಗೆ ಸಹಿ ಹಾಕಿದರು. ನೋಂದಣಿಯನ್ನು ಯಾವಾಗ ಮಾಡಿಸಿಕೊಳ್ಳಬೇಕು ಎಂಬ ದಿನಾಂಕ ಅದರಲ್ಲಿರಲಿಲ್ಲ. ಗಡುವು ಬರೆದ ಕರಾರಿನ ಮೇಲೆ ಆ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಬರೆಯದೇ ಇದ್ದರೆ, ಮಾರುವವರು ನಿರಾಕರಿಸಿದ್ದು ಕೊಳ್ಳುವವರಿಗೆ ತಿಳಿದ ದಿನದಿಂದ ಆ ಮೂರು ವರ್ಷ ಶುರುವಾಗುತ್ತದೆ. ಹೀಗಾಗಿ ಆ ಜಮೀನು ಆರು ವರ್ಷ ಮುಂಗಡ ಕೊಟ್ಟವರದ್ದೂ ಆಗದೆ, ಚಿಕ್ಕಪ್ಪನವರ ಕೈಗೂ ಪೂರ್ತಿ ಸಿಗದೆ ಉಳಿಯಿತು. ಗಡುವಿಲ್ಲದ ಕರಾರಿಗೂ, ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಬೇರೆಯವರಿಗೆ ಕೊಡುವ ಜಿಪಿಎಗೂ ಸಹಿ ಹಾಕಬೇಡಿ, ಮುಂಗಡ ಎಷ್ಟೇ ಇರಲಿ.

ನಿವೃತ್ತ ಭೂಮಾಪಕರೊಬ್ಬರು:
ಯೋಜನೆ ಬರುತ್ತದೆಯೇ ಎಂದು ಕೇಳುವುದಕ್ಕಿಂತ, ಭೂಮಿಯನ್ನು ಯಾವ ಕಾಯ್ದೆಯಡಿ ತೆಗೆದುಕೊಳ್ಳುತ್ತಾರೆ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿರಿ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟರೆ ಆಕ್ಷೇಪಣೆ ಸಲ್ಲಿಸಲು 60 ದಿನಗಳಿರುತ್ತವೆ. 12 ತಿಂಗಳೊಳಗೆ ಅಂತಿಮ ಘೋಷಣೆ ಆಗದೆ, ಸರ್ಕಾರ ಅವಧಿಯನ್ನೂ ವಿಸ್ತರಿಸದಿದ್ದರೆ ಅದು ಬಿದ್ದುಹೋಗುತ್ತದೆ. ಕೈಗಾರಿಕಾ ಪ್ರದೇಶಗಳಿಗೆ ಭೂಮಿ ತೆಗೆದುಕೊಳ್ಳುವ 1966ರ ಕೆಐಎಡಿಬಿ ಕಾಯ್ದೆಯಲ್ಲಿ ಸೆಕ್ಷನ್ 28(1)ರ ಪ್ರಾಥಮಿಕ ಅಧಿಸೂಚನೆಗೂ 28(4)ರ ಅಂತಿಮ ಅಧಿಸೂಚನೆಗೂ ನಡುವೆ ಅಂತಹ ಗಡುವನ್ನು ಬರೆದೇ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಪ್ರವಾಸೋದ್ಯಮಕ್ಕೆ ಕೇಳಿದ ಭೂಮಿಯಲ್ಲ, ಕೈಗಾರಿಕೆಗೆ ಕೇಳಿದ್ದು; ಆದರೂ ಅಲ್ಲಿನ 13 ಹಳ್ಳಿಗಳ ರೈತರು ಒಂದು ಕಟ್ಟಡವೂ ಏಳದ ಭೂಮಿಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು ಮತ್ತು 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು ಎಂಬುದು ನಿಮಗೂ ತಿಳಿದಿರಲಿ.

ಪ್ರತಿ ತಿಂಗಳು ಪಹಣಿ ತೆಗೆಸಿ ಹಕ್ಕು ಮತ್ತು ಋಣಗಳನ್ನು ಬರೆಯುವ ಕಾಲಂ 11 ನೋಡಿಕೊಳ್ಳಿ. ಅಲ್ಲಿ ಸ್ವಾಧೀನದ ಒಂದು ಸಾಲು ಬಿದ್ದರೆ ಬೆಳೆ ಸಾಲಕ್ಕೆ ಸೊಸೈಟಿಯವರೇ ಹಿಂದೆಮುಂದೆ ನೋಡುತ್ತಾರೆ. ತಂದೆಯವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯನ್ನು ಈಗಲೇ ಮಾಡಿಸಿ. ತೀರಿಕೊಂಡವರ ಹೆಸರಿಗೆ ಬಂದ ನೋಟಿಸ್ ಯಾರ ಕೈಗೂ ಸೇರದೆ ಕಡತದಲ್ಲಿ ಕುಳಿತದ್ದನ್ನು ನಾನೇ ನೋಡಿದ್ದೇನೆ. ಇನ್ನೊಂದು ಮಾತನ್ನು ಊರಿನವರೆಲ್ಲ ಕೂತು ಯೋಚಿಸಬೇಕು. ಪರಿಹಾರದ ಲೆಕ್ಕಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ತೆಗೆದು ಸರಾಸರಿ ಹಾಕುತ್ತಾರೆ. ಕೈಗೆ 40 ಲಕ್ಷ ಪಡೆದು ಪತ್ರದಲ್ಲಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ಮಾರ್ಗಸೂಚಿ ದರವನ್ನಷ್ಟೇ ಬರೆಸುವವನು, ಮಾರದೆ ಉಳಿದ ನೆರೆಯವನ ಪರಿಹಾರವನ್ನೂ ಇಳಿಸಿ ಹೋಗುತ್ತಾನೆ.

ಗಂಗಾವತಿ ತಾಲ್ಲೂಕಿನಿಂದ ಒಬ್ಬರು:
ಎಲ್ಲರೂ ಜಮೀನುಳ್ಳವರ ಕಷ್ಟ ಬರೆದಿದ್ದೀರಿ. 2022ರ ಬಜೆಟ್‌ನಲ್ಲಿ ನಮ್ಮ ಕಡೆಯ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಿದಾಗ ನಮ್ಮ ಮನೆಯವರು ಎರಡು ಎಕರೆ ಗದ್ದೆಯನ್ನು ಗುತ್ತಿಗೆಗೆ ಮಾಡುತ್ತಿದ್ದರು. ಮುಂದಿನ ಹಂಗಾಮಿಗೆ ಮಾಲೀಕರು ಗದ್ದೆ ಕೊಡಲಿಲ್ಲ. ಕೇಳಿದರೆ, ಬೈಗುಳವೇನೂ ಇಲ್ಲ, "ಪರಿಹಾರ ಕೊಡುವ ಹೊತ್ತಿಗೆ ನಿನ್ನ ಹೆಸರು ಬಂದರೆ ನನಗೆ ತೊಂದರೆಯಮ್ಮ" ಎಂದಷ್ಟೇ ಹೇಳಿದರು. ಅವರಿಗೆ ಕಾನೂನು ನಮಗಿಂತ ಚೆನ್ನಾಗಿ ಗೊತ್ತಿತ್ತು: ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಭೂಮಿಯ ದುಡಿಮೆಯಿಂದಲೇ ಬದುಕಿದ ಗೇಣಿದಾರರನ್ನೂ ಕೃಷಿ ಕೂಲಿಕಾರರನ್ನೂ 2013ರ ಕಾಯ್ದೆ ಬಾಧಿತ ಕುಟುಂಬ ಎಂದು ಗುರುತಿಸುತ್ತದೆ. ನಮ್ಮ ಬಳಿ ಗುತ್ತಿಗೆಯ ಒಂದು ಚೀಟಿಯೂ ಇರಲಿಲ್ಲ. ಗೊಬ್ಬರದ ರಸೀದಿ, ಭತ್ತ ಮಾರಿದ ಚೀಟಿ, ಜಾಬ್ ಕಾರ್ಡ್, ಇವುಗಳನ್ನು ಈಗಿನಿಂದಲೇ ಜೋಡಿಸಿಡುವಂತೆ ನಿಮ್ಮ ಹೊಲಕ್ಕೆ ಬರುವ ಕೂಲಿಯವರಿಗೂ ದಯವಿಟ್ಟು ಹೇಳಿ. ಕುರಿ ಮೇಯಿಸುವ ಗೋಮಾಳ ಯೋಜನೆಯ ನಕ್ಷೆಯೊಳಗೆ ಇದೆಯೇ ಎಂಬುದನ್ನೂ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಶ್ರೀರಂಗಪಟ್ಟಣ ಕಡೆಯವರೊಬ್ಬರು:
2018ರಲ್ಲಿ ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ ಮಾಡುತ್ತೇವೆ ಎಂದಾಗಿನಿಂದ ಆ ಮಾತು ಏಳುತ್ತದೆ, ಮಲಗುತ್ತದೆ. ಕಸಿ ಮಾವು ಫಲ ಕೊಡಲು ನಾಲ್ಕೈದು ವರ್ಷ ಬೇಕು. ಯೋಜನೆಯ ಮಾತಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಸಸಿ ನೆಡಿ, ನೆಟ್ಟ ದಿನದ ಫೋಟೊ ಮತ್ತು ನರ್ಸರಿ ಬಿಲ್ ಇಟ್ಟುಕೊಳ್ಳಿ, ಬೆಳೆ ಸಮೀಕ್ಷೆಯಲ್ಲಿ ಮಾವು ಎಂದೇ ನಮೂದಾಗಿದೆಯೇ ನೋಡಿ, ಸಾಲುಗಳ ನಡುವೆ ರಾಗಿ ಹುರುಳಿ ಹಾಕಿ. ಹೊಸ ಬೋರ್‌ವೆಲ್‌ಗೆ ಮಾತ್ರ ಸಾಲ ಮಾಡಬೇಡಿ, ಸದ್ಯಕ್ಕೆ ಡ್ರಮ್ಮಿನಲ್ಲಿ ನೀರು ತಂದು ಸಸಿ ಉಳಿಸಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ವಂದನೆಗಳು. ಪೌತಿ ಖಾತೆಗೆ ಅರ್ಜಿ ಬರೆಸಿದ್ದೇನೆ, ಅದಕ್ಕೆ ತಂಗಿಯರ ಸಹಿಯೂ ಬೇಕೆಂದು ನಾಡಕಚೇರಿಯಲ್ಲಿ ಹೇಳಿದರು. ತಮ್ಮ ಇನ್ನೂ ಒಪ್ಪಿಲ್ಲ. ಆ ದಲ್ಲಾಳಿಯ ಕರಾರಿನ ಕರಡನ್ನು ತರಿಸಿಕೊಂಡು ನೋಡಿದರೆ, ನೋಂದಣಿಯ ದಿನಾಂಕದ ಜಾಗ ಖಾಲಿಯೇ ಇದೆ. ಅದನ್ನು ಇವತ್ತು ರಾತ್ರಿ ತಮ್ಮನಿಗೆ ತೋರಿಸುತ್ತೇನೆ.